ಬಯಲ ಚರಿತ್ರೆ: ಆಡಿದ ಮಾತು, ಅಚ್ಚಾದ ಮಾತು

ಅಮೆರಿಕದ ನಡುನಾಡಿನ ಹುಲ್ಲುಬಯಲನ್ನು ಕುರಿತ ಚರಿತ್ರೆಗಳಲ್ಲಿ ವಾಲ್ಟರ್ ಪ್ರೆಸ್ಕಾಟ್ ವೆಬ್ ಅವರ ‘ದಿ ಗ್ರೇಟ್ ಪ್ಲೇನ್ಸ್’ (1931) ಪ್ರಸಿದ್ಧವಾದುದು. ಮರವಿಲ್ಲದ, ನೀರು ವಿರಳವಾದ ಆ ನೆಲದಲ್ಲಿ ವಲಸಿಗರು ರಿವಾಲ್ವರ್, ಮುಳ್ಳುತಂತಿ, ಗಾಳಿಯಂತ್ರಗಳ ಬಲದಿಂದ ನೆಲೆನಿಂತರೆಂಬುದು ಅದರ ವಾದ. ಆದರೆ ಮುಳ್ಳುತಂತಿ ಸುತ್ತಿದ್ದು ಯಾರ ನೆಲವನ್ನು? ಮೂಲನಿವಾಸಿಗಳು ಅಲ್ಲಿ ಬಹುಮಟ್ಟಿಗೆ ಒಂದು ಅಡ್ಡಿಯಾಗಿಯೇ ಕಾಣಿಸಿಕೊಳ್ಳುತ್ತಾರೆ.

ಅವರಿಗೆ ಚರಿತ್ರೆಯ ಪ್ರಜ್ಞೆ ಇರಲಿಲ್ಲವೆಂದಲ್ಲ. ಲಕೋಟಾ ಜನರು ಮೊದಲ ಹಿಮದಿಂದ ಮುಂದಿನ ಮೊದಲ ಹಿಮದವರೆಗೆ ಒಂದು ವರ್ಷವೆಂದೆಣಿಸಿ, ಆ ವರ್ಷದ ಒಂದು ಘಟನೆಯನ್ನು ತೊಗಲಿನ ಮೇಲೆ ಚಿತ್ರಿಸಿಡುತ್ತಿದ್ದರು. 1833ರ ಉಲ್ಕಾವೃಷ್ಟಿ ಇಂಥ ಅನೇಕ ‘ಚಳಿಗಾಲದ ಎಣಿಕೆ’ಗಳಲ್ಲಿ ನಕ್ಷತ್ರಗಳು ಉದುರಿದ ವರ್ಷವಾಗಿ ನಿಂತಿದೆ. ಚಿತ್ರವು ನೆನಪಿಗೆ ಊರುಗೋಲು ಮಾತ್ರ. ಕಥನವಿದ್ದುದು ಅದನ್ನು ಕಾಯುವವನ ಬಾಯಲ್ಲಿ.

ಈ ಬಾಯಿಮಾತು ಪುಸ್ತಕವಾದ ಬಗೆಯನ್ನು ತಿಳಿಯಲು ‘ಬ್ಲ್ಯಾಕ್ ಎಲ್ಕ್ ಸ್ಪೀಕ್ಸ್’ (1932) ಎಂಬ ಕೃತಿಗಿಂತ ಉತ್ತಮ ಉದಾಹರಣೆ ದೊರೆಯದು. 1890ರ ವೂಂಡೆಡ್ ನೀ ಹತ್ಯಾಕಾಂಡವನ್ನು ಕಣ್ಣಾರೆ ಕಂಡಿದ್ದ ಬ್ಲ್ಯಾಕ್ ಎಲ್ಕ್, 1931ರಲ್ಲಿ ಪೈನ್ ರಿಡ್ಜ್‌ನಲ್ಲಿ ಲಕೋಟಾ ಭಾಷೆಯಲ್ಲಿ ತನ್ನ ಬದುಕನ್ನು ಹೇಳಿದನು. ಮಗ ಬೆನ್ ಅದನ್ನು ಇಂಗ್ಲಿಷಿಗೆ ತಂದನು. ಕವಿ ಜಾನ್ ನೈಹಾರ್ಟ್ ಅವರ ಮಗಳು ಈನಿಡ್ ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ನೈಹಾರ್ಟ್ ಅದನ್ನು ಕೃತಿಯಾಗಿಸಿದರು. ಓದುಗನಿಗೆ ಕೇಳಿಸುವ ‘ನಾನು’ ಇಷ್ಟು ಕೈಗಳನ್ನು ದಾಟಿ ಬಂದುದು.

ಈನಿಡ್‌ಳ ಟಿಪ್ಪಣಿಗಳಿಂದ ಸಿದ್ಧವಾದ ಪಾಠವನ್ನು ರೇಮಂಡ್ ಡಿಮಾಲಿ 1984ರಲ್ಲಿ ‘ದಿ ಸಿಕ್ಸ್ತ್ ಗ್ರ್ಯಾಂಡ್‌ಫಾದರ್’ ಎಂದು ಪ್ರಕಟಿಸಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ಜನಾಂಗವೊಂದರ ಕನಸು ಮುಗಿದುಹೋಯಿತೆಂಬ, ಕೃತಿಯ ಅತ್ಯಂತ ಪ್ರಸಿದ್ಧವಾದ ವಿಲಾಪವು ಹೇಳಿಕೆಯಲ್ಲಿ ಇರಲೇ ಇಲ್ಲ. ಅದು ನೈಹಾರ್ಟ್ ಅವರ ರಚನೆ. ಅವರೂ ಇದನ್ನು ಮರೆಮಾಚಲಿಲ್ಲ. ಆದರೆ ಅಷ್ಟರಲ್ಲಿ ಡೀ ಬ್ರೌನ್ ಅವರ ‘ಬರಿ ಮೈ ಹಾರ್ಟ್ ಅಟ್ ವೂಂಡೆಡ್ ನೀ’ (1970) ಆ ಮಾತನ್ನೇ ಬ್ಲ್ಯಾಕ್ ಎಲ್ಕನ ಹೆಸರಿನಲ್ಲಿ ತನ್ನ ಮುಕ್ತಾಯಕ್ಕೆ ಇಟ್ಟುಕೊಂಡಿತ್ತು! 1904ರಲ್ಲಿ ಕ್ಯಾಥೊಲಿಕನಾಗಿ, ಬಹುಕಾಲ ಧರ್ಮೋಪದೇಶ ಮಾಡಿದ ಆತನ ಬದುಕಿನ ಭಾಗಕ್ಕಂತೂ 1932ರ ಕೃತಿಯಲ್ಲಿ ಎಡೆಯಿಲ್ಲ.

ಇದನ್ನು ವಂಚನೆ ಎನ್ನಲಾರೆ. ಕವಿ ಮುದುಕನ ದುಃಖವನ್ನು ಅರಿತೇ ಬರೆದರು. ಆದರೆ ಗೆದ್ದವರಿಗೆ ‘ಎಲ್ಲವೂ ಮುಗಿಯಿತು’ ಎಂಬ ಮಾತು ಹಿತವಾದುದು. ಮುಗಿದವರಿಗೆ ಕಣ್ಣೀರು ಕೊಟ್ಟರೆ ಸಾಕು, ನೆಲ ಕೊಡಬೇಕಾಗಿಲ್ಲ. ಲಕೋಟಾ ಜನರು ಮುಗಿದಿರಲಿಲ್ಲ, ಇಂದಿಗೂ ಇದ್ದಾರೆ. ಓಜಿಬ್ವೆ ಲೇಖಕ ಡೇವಿಡ್ ಟ್ರೂಯರ್ 2019ರಲ್ಲಿ ಬ್ರೌನ್ ಅವರಿಗೆ ಎತ್ತಿದ ಆಕ್ಷೇಪವೂ ಇದೇ.

ನಮ್ಮ ಕಾಸರಗೋಡಿನಲ್ಲಿ ತುಳು ಪಾಡ್ದನವನ್ನು ಕೇಳಿ ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗಳು ಈ ಎರಡು ಪುಸ್ತಕಗಳ ಕೊನೆಯ ಪುಟಗಳನ್ನು ಜೊತೆಗಿಟ್ಟು ಓದಬೇಕು. ಹಾಡಿದವರಾರು, ಅರ್ಥ ಹೇಳಿದವರಾರು, ಬರೆದವರಾರು ಎಂಬ ಮೂರು ಹೆಸರುಗಳನ್ನು ಪ್ರಬಂಧದ ಮೊದಲ ಪುಟದಲ್ಲಿಯೇ ಬೇರೆಬೇರೆಯಾಗಿ ಕಾಣಿಸಬೇಕು.