ತಾಟೆ ಹುಡುಕಿಕೊಂಡು ಹೋದವಳು

ನೀರಿಗಿಳಿಯುವ ಮೊದಲು ದೋಣಿಯ ಹುಡುಗ ಹೇಳಿದ್ದು ಮೂರೇ ಮಾತು. ಒಳಗಿರುವ ಹಳದಿ ಸರಳನ್ನಷ್ಟೇ ಹಿಡಿಯಬೇಕು, ಹೊರಗಿನ ಸರಳಿಗೆ ಬೆರಳು ತಾಗಿಸಬಾರದು. ಪಾದವನ್ನು ಕೆಳಗಿನ ಸರಳಿಗೆ ಸಿಕ್ಕಿಸಿಕೊಳ್ಳಬೇಕು. ಅವನು 'ಡೌನ್' ಎಂದು ಕೂಗಿದ ತಕ್ಷಣ ಉಸಿರು ಕಟ್ಟಿ ಮುಳುಗಬೇಕು. ಬೆನ್ನಿಗೆ ಸಿಲಿಂಡರ್ ಇಲ್ಲ, ಬಾಯಿಗೆ ಕೊಳವೆ ಇಲ್ಲ. ದೋಣಿಯ ಮಗ್ಗುಲಿಗೆ ಹಗ್ಗದಿಂದ ಬಿಗಿದ ಲೋಹದ ಬೋನು, ಅದರೊಳಗೆ ಭುಜಕ್ಕೆ ಭುಜ ತಾಗಿಸಿ ನಿಂತ ಆರು ಜನ. ನೀರು ಎಷ್ಟು ತಣ್ಣಗಿತ್ತೆಂದರೆ ದಪ್ಪನೆಯ ವೆಟ್‌ಸೂಟ್ ತೊಟ್ಟಿದ್ದರೂ ಮೊದಲ ನಿಮಿಷ ಉಸಿರೇ ಒಳಗೆ ಹೋಗಲಿಲ್ಲ.

ಅದು 2023ರ ಜೂನ್. ದಕ್ಷಿಣ ಆಫ್ರಿಕಾದ ಗಾನ್ಸ್‌ಬಾಯ್ ಎಂಬ ಮೀನುಗಾರರ ಊರು, ಕೇಪ್‌ಟೌನ್‌ನಿಂದ ಎರಡು ಗಂಟೆಯ ದಾರಿ. ನಾನು ಹೋದದ್ದು ಲಂಡನ್ನಿನ ವುಲಿಚ್‌ನಿಂದ. ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ನರ್ಸ್ ನಾನು. ಹುಟ್ಟಿದ್ದು ಮಲ್ಪೆಯಲ್ಲಿ. ನಮ್ಮ ಕಡೆ ಶಾರ್ಕಿಗೆ ತಾಟೆ ಅನ್ನುತ್ತೇವೆ. ಬಂದರಿನ ಸಿಮೆಂಟ್ ನೆಲದ ಮೇಲೆ ಸಾಲಾಗಿ ಮಲಗಿಸಿದ ತಾಟೆಗಳನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಮಗಳು ಹುಟ್ಟಿದಾಗ ಹಾಲು ಚೆನ್ನಾಗಿ ಬರಲಿ ಎಂದು ಅಮ್ಮ ತಾಟೆ ಮರಿಗೆ ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿ ಬೇಯಿಸಿ ಕೊಟ್ಟಿದ್ದಳು. ಕೊಯ್ದದ್ದು, ಉಪ್ಪು ಹಾಕಿ ಒಣಗಿಸಿದ್ದು, ಸಾರಾದದ್ದು ಎಲ್ಲ ಗೊತ್ತು. ಜೀವಂತ ತಾಟೆ ಈಜುವುದನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ನಲವತ್ತು ದಾಟಿದ ಮೇಲೆ ಆ ಆಸೆ ಗಟ್ಟಿಯಾಗಿ ಕೂತುಬಿಟ್ಟಿತು.

ಲಂಡನ್ನಿನ ಏಜೆನ್ಸಿಯೊಂದರ ಜಾಹೀರಾತು ಕಣ್ಣಿಗೆ ಬಿತ್ತು. ಎರಡು ವಾರ ಸಮುದ್ರಜೀವಿಗಳ ಸೇವೆ, ಜೊತೆಗೆ ಬೋನಿನಲ್ಲಿ ನಿಂತು ಗ್ರೇಟ್ ವೈಟ್ ಶಾರ್ಕಿನ ದರ್ಶನ. ಚಿತ್ರದಲ್ಲಿ ದೊಡ್ಡ ಬಿಳಿ ಶಾರ್ಕೊಂದು ಸೀಲ್ ಹಿಡಿಯಲು ನೀರಿನಿಂದ ಆಳೆತ್ತರ ಚಿಮ್ಮಿತ್ತು. ಮೂರು ತಿಂಗಳ ಓವರ್‌ಟೈಮ್ ದುಡ್ಡನ್ನು ಕಟ್ಟಿದೆ. ಸೇವೆ ಮಾಡಲು ನಾವೇ ಯಾಕೆ ಹಣ ಕಟ್ಟಬೇಕು ಎಂದು ನನ್ನ ಗಂಡ ಕೇಳಿದರು. ಊಟ, ವಸತಿ, ದೋಣಿಯ ಡೀಸೆಲ್‌ಗೆ ಬೇಡವೇ ಎಂದೆ. ಆ ಉತ್ತರ ತಪ್ಪಲ್ಲ. ಆದರೆ ಅದರಲ್ಲಿ ಎಷ್ಟು ಪಾಲು ಗಾನ್ಸ್‌ಬಾಯ್ ತಲುಪುತ್ತದೆ, ಎಷ್ಟು ಲಂಡನ್ನಿನಲ್ಲೇ ಉಳಿಯುತ್ತದೆ ಎಂದು ಏಜೆನ್ಸಿಯನ್ನು ಕೇಳಬೇಕಿತ್ತು. ಕೇಳಲಿಲ್ಲ. ಈ ವರ್ಷ ಅಲ್ಲಿ ಬಿಳಿ ಶಾರ್ಕ್ ಕಂಡಿವೆಯೇ ಎಂಬ ಇನ್ನೂ ಸರಳವಾದ ಪ್ರಶ್ನೆಯನ್ನೂ ಕೇಳಲಿಲ್ಲ.

ಅದರ ಉತ್ತರ ಸಿಕ್ಕಿದ್ದು ಅಲ್ಲಿಗೆ ಹೋದ ಎರಡನೆಯ ದಿನ. ದೋಣಿಯಲ್ಲಿ ಕೆಲಸ ಮಾಡುವವರು ಏನನ್ನೂ ಮುಚ್ಚಿಡಲಿಲ್ಲ. ಒಂದು ಕಾಲಕ್ಕೆ ಈ ಊರು ಬಿಳಿ ಶಾರ್ಕಿನ ರಾಜಧಾನಿ. ಎದುರಿಗೆ ಡೈಯರ್ ದ್ವೀಪ, ಅದರ ಪಕ್ಕದ ಗೈಸರ್ ಬಂಡೆಯ ಮೇಲೆ ಸುಮಾರು 60,000 ಸೀಲ್‌ಗಳು, ಎರಡರ ನಡುವಿನ ಕಿರಿದಾದ ನೀರಿಗೆ ಶಾರ್ಕ್ ಆ್ಯಲಿ ಎಂದೇ ಹೆಸರು. 1991ರಲ್ಲಿ ಬಿಳಿ ಶಾರ್ಕಿಗೆ ಕಾನೂನಿನ ರಕ್ಷಣೆ ಕೊಟ್ಟ ಮೊದಲ ದೇಶ ದಕ್ಷಿಣ ಆಫ್ರಿಕಾ. ಆದರೆ 2017ರಲ್ಲಿ ಈ ದಡಕ್ಕೆ ಒಂದರ ಹಿಂದೊಂದು ಬಿಳಿ ಶಾರ್ಕಿನ ಹೆಣಗಳು ಬಂದು ಬಿದ್ದವು. ಮೈಯೆಲ್ಲ ಇತ್ತು, ಪಿತ್ತಜನಕಾಂಗ ಮಾತ್ರ ಇರಲಿಲ್ಲ. ಎಣ್ಣೆ ತುಂಬಿದ ಆ ಅಂಗಕ್ಕಾಗಿಯೇ ಓರ್ಕಾ ತಿಮಿಂಗಿಲಗಳು ಅವನ್ನು ಬೇಟೆಯಾಡಿದ್ದವು. ಬೆನ್ನಿನ ರೆಕ್ಕೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಬಾಗಿದ ಎರಡು ಗಂಡು ಓರ್ಕಾಗಳಿಗೆ ಪೋರ್ಟ್, ಸ್ಟಾರ್‌ಬೋರ್ಡ್ ಎಂದು ಅಲ್ಲಿಯವರು ಹೆಸರಿಟ್ಟಿದ್ದಾರೆ. ಅವು ಬಂದುಹೋದ ಮೇಲೆ ಉಳಿದ ಬಿಳಿ ಶಾರ್ಕ್‌ಗಳು ಜಾಗ ಬಿಟ್ಟವು.

ಓರ್ಕಾಗಳೊಂದೇ ಕಾರಣವೇ ಎಂಬ ಬಗ್ಗೆ ಅಲ್ಲಿನ ಸಂಶೋಧಕರಲ್ಲಿ ಜಗಳವೇ ಇದೆ. ನಮ್ಮ ಜೊತೆಗಿದ್ದ ಸಂಶೋಧಕಿ ಹೇಳಿದ ಇನ್ನೊಂದು ಕಾರಣ ನನ್ನ ತಲೆಯಲ್ಲಿ ಉಳಿಯಿತು. ಬಿಳಿ ಶಾರ್ಕ್ ಬರೀ ಸೀಲ್ ತಿಂದು ಬದುಕುವುದಿಲ್ಲ, ಸಣ್ಣ ಶಾರ್ಕ್‌ಗಳೂ ಅದರ ಆಹಾರ. ಅವುಗಳಲ್ಲಿ ಮುಖ್ಯವಾದದ್ದು ಸೂಪ್‌ಫಿನ್. ರೆಕ್ಕೆ ಸೂಪಿಗೆ ಹೋಗುತ್ತದೆಂದು ಆ ಹೆಸರು. ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ತಳಕ್ಕಿಳಿಸುವ ದೋಣಿಗಳು ಅವನ್ನು ಹಿಡಿಯುತ್ತವೆ. ಮಾಂಸ ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ಫಿಶ್ ಆ್ಯಂಡ್ ಚಿಪ್ಸ್ ಆಗುತ್ತದೆ. ಬಿಳಿ ಶಾರ್ಕನ್ನು ಕಾನೂನು ಕಾಪಾಡುತ್ತದೆ, ಅದರ ತಟ್ಟೆಯ ಅನ್ನವನ್ನು ಕಾಪಾಡುವವರಿಲ್ಲ ಎಂದು ಆಕೆ ಹೇಳಿದಳು.

ಬೋನಿಗಿಳಿದದ್ದು ನಾಲ್ಕನೆಯ ದಿನ. ಮೀನೆಣ್ಣೆ, ಮತ್ತಿ, ಟ್ಯೂನಾದ ರಕ್ತ ಎಲ್ಲ ಕಲಸಿದ ಚಮ್ಮನ್ನು ಸೌಟಿನಲ್ಲಿ ಮೊಗೆದು ನೀರಿಗೆ ಎರಚುತ್ತಿದ್ದರು. ಆ ನಾತಕ್ಕೆ ಜೊತೆಯವರು ಅಂಚು ಹಿಡಿದು ಕಾರಿಕೊಳ್ಳುತ್ತಿದ್ದರೆ ನನಗೆ ಮಲ್ಪೆಯ ಬಂದರಿನಲ್ಲಿ ನಿಂತಂತಾಯಿತು, ಊರು ನೆನಪಾಗಿ ಕಣ್ಣು ತುಂಬಿತು. ಹಗ್ಗದ ತುದಿಗೆ ಟ್ಯೂನಾ ತಲೆ ಕಟ್ಟಿ ಬೋನಿನ ಮುಂದೆ ತೇಲಿಬಿಟ್ಟಿದ್ದರು. ನಲವತ್ತು ನಿಮಿಷ ಏನೂ ಇಲ್ಲ. ಆಮೇಲೆ 'ಡೌನ್!'

ಮುಳುಗಿದೆ. ಹಸಿರು ಮಬ್ಬು ನೀರು, ಎರಡು ಮಾರು ದೂರಕ್ಕಿಂತ ಆಚೆ ಏನೂ ಕಾಣದು. ಆ ಮಬ್ಬಿನಿಂದ ಸದ್ದಿಲ್ಲದೆ ಒಂದು ಮೂತಿ ಬಂತು. ಕಂಚಿನ ಬಣ್ಣದ ಬೆನ್ನು, ಕೆಳಗೆ ಮಾಸಲು ಬಿಳಿ, ಎರಡು ಮೀಟರ್‌ಗಿಂತ ಉದ್ದ. ಅದು ಗ್ರೇಟ್ ವೈಟ್ ಅಲ್ಲ. ಬಿಳಿ ಶಾರ್ಕ್ ತೆರವು ಮಾಡಿದ ಜಾಗಕ್ಕೆ ಬಂದ ಬ್ರಾಂಜ್ ವೇಲರ್. ಟ್ಯೂನಾ ತಲೆಯನ್ನು ಬಿಟ್ಟು ನೇರವಾಗಿ ಬೋನಿನ ಹತ್ತಿರ ಬಂದು ನನ್ನ ಮುಖದಿಂದ ಒಂದು ಮೊಳದಲ್ಲಿ ಅಡ್ಡ ತಿರುಗಿತು. ಐದು ಕಿವಿರುಗಳು ಒಂದಾದ ಮೇಲೊಂದು ತೆರೆದು ಮುಚ್ಚುವುದನ್ನು ಕಂಡೆ. ಮೂತಿಯ ಕೆಳಗೆ ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ರಂಧ್ರಗಳು. ಬೇರೆ ಜೀವಿಯ ಸ್ನಾಯು ಮಿಡಿದಾಗ ಹುಟ್ಟುವ ಅತ್ಯಲ್ಪ ವಿದ್ಯುತ್ತನ್ನು ಅವುಗಳಿಂದಲೇ ಅದು ಗ್ರಹಿಸುತ್ತದೆ. ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಅದಕ್ಕೆ ಗೊತ್ತಾಗಿರಬೇಕು ಅಂದುಕೊಂಡೆ. ಬಾಯಿಯ ಮೂಲೆಯಲ್ಲಿ ಹಳೆಯ ಗಾಳವೊಂದು ಸಿಕ್ಕಿಕೊಂಡು ತುಕ್ಕು ಹಿಡಿದಿತ್ತು, ಸುತ್ತಲಿನ ಮಾಂಸ ಊದಿ ಗಾಯ ಮಾಗಿ ಗಂಟಾಗಿತ್ತು. ಇಪ್ಪತ್ತು ವರ್ಷ ಗಾಯಗಳನ್ನೇ ನೋಡಿಕೊಂಡು ಬಂದವಳು ನಾನು. ಇದು ತಿಂಗಳುಗಟ್ಟಲೆ ನೋವು ತಿಂದ ಗಾಯ ಎಂದು ನೋಡಿದ ಕೂಡಲೇ ತಿಳಿಯಿತು. ಹೆದರಿಕೆ ಅಲ್ಲಿಗೆ ಮುಗಿಯಿತು.

ಎರಡು ವಾರದಲ್ಲಿ ಮೂರು ಸಲ ಬೋನಿಗಿಳಿದೆ. ಬಿಳಿ ಶಾರ್ಕ್ ಒಂದೂ ಬರಲಿಲ್ಲ.

ಉಳಿದ ದಿನಗಳ ಕೆಲಸ ಜಾಹೀರಾತಿನಲ್ಲಿ ಇರಲಿಲ್ಲ. ವೆಟ್‌ಸೂಟ್ ತೊಳೆದು ಒಣಗಿಸುವುದು, ಚಮ್ ಬಕೆಟ್ ಉಜ್ಜುವುದು, ಎಷ್ಟು ಶಾರ್ಕ್ ಬಂದವು, ಗಂಡೋ ಹೆಣ್ಣೋ, ನೀರಿನ ಉಷ್ಣತೆ ಎಷ್ಟು ಎಂದು ಹಾಳೆಯಲ್ಲಿ ಬರೆಯುವುದು, ಬಂಡೆಗಳ ಮೇಲೆ ಮೀನುಗಾರರು ಬಿಟ್ಟ ನೈಲಾನ್ ದಾರ ಹೆಕ್ಕುವುದು. ಗಾಯಗೊಂಡ ಪೆಂಗ್ವಿನ್‌ಗಳ ಆರೈಕೆಗೂ ಕೈಹಾಕಿದೆ. ಆಫ್ರಿಕನ್ ಪೆಂಗ್ವಿನ್ ಮರುವರ್ಷ, 2024ರಲ್ಲಿ, ತೀವ್ರ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅದರ ಮುಖ್ಯ ಊಟಗಳಲ್ಲಿ ಮತ್ತಿ ಮೀನೂ ಒಂದು, ಮತ್ತಿ ಸಿಗದಿರುವುದು ಅದು ಸೊರಗಲು ಒಂದು ಮುಖ್ಯ ಕಾರಣ. ನನ್ನ ಕೈ ಅಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಪೆಂಗ್ವಿನ್ ಕಾಲಿನ ಡ್ರೆಸ್ಸಿಂಗ್ ಬದಲಿಸುವಾಗ. ಬೋನಿನಲ್ಲಿ ನಿಂತದ್ದರಿಂದ ಯಾರಿಗೂ ಉಪಕಾರವಾಗಲಿಲ್ಲ, ಅದು ನನಗಾಗಿ ಮಾಡಿಕೊಂಡದ್ದು. ಎರಡನ್ನೂ ಒಂದೇ ಹೆಸರಿನಲ್ಲಿ ಮಾರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ವುಲಿಚ್‌ಗೆ ಮರಳಿದ ಮೇಲೆ ಮಗಳು ಕೇಳಿದ ಮೊದಲ ಪ್ರಶ್ನೆ: ನಮ್ಮ ಹೊಳೆಯಲ್ಲಿ ಶಾರ್ಕ್ ಇದೆಯಾ? ನಮ್ಮ ಮನೆಯ ಕಿಟಕಿಯಿಂದ ಥೇಮ್ಸ್ ಕಾಣುತ್ತದೆ. ಇಲ್ಲ ಅನ್ನಲು ಬಾಯಿ ತೆರೆದವಳು ತಡೆದೆ. ಹುಡುಕಿದಾಗ ಲಂಡನ್ ಪ್ರಾಣಿಶಾಸ್ತ್ರ ಸಂಘ 2021ರಲ್ಲಿ ಪ್ರಕಟಿಸಿದ ಥೇಮ್ಸ್ ವರದಿ ಸಿಕ್ಕಿತು. 1957ರಲ್ಲಿ ಜೀವವೇ ಇಲ್ಲದ ನದಿ ಎಂದು ಘೋಷಿಸಲಾಗಿದ್ದ ಥೇಮ್ಸ್‌ನಲ್ಲಿ ಈಗ 115 ಜಾತಿಯ ಮೀನುಗಳಿವೆ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮೂರು ಬಗೆಯ ಶಾರ್ಕ್: ಟೋಪ್, ಸ್ಟಾರಿ ಸ್ಮೂತ್‌ಹೌಂಡ್, ಸ್ಪರ್‌ಡಾಗ್.

ಟೋಪ್ ಎಂದರೇನೆಂದು ನೋಡಿದೆ. ಶಾಸ್ತ್ರೀಯ ಹೆಸರು ಗೇಲಿಯೋರೈನಸ್ ಗೇಲಿಯಸ್. ಗಾನ್ಸ್‌ಬಾಯ್‌ನಲ್ಲಿ ಹಾಳೆಯ ಮೇಲೆ ಆ ಸಂಶೋಧಕಿ ಬರೆದುಕೊಟ್ಟಿದ್ದ ಸೂಪ್‌ಫಿನ್‌ನ ಹೆಸರೂ ಅದೇ. ಅಲ್ಲಿನ ಹಿಂಡು ಬೇರೆ, ಇಲ್ಲಿನ ಹಿಂಡು ಬೇರೆ, ಮೀನಿನ ಜಾತಿ ಒಂದೇ. 2020ರಿಂದ ಅದೂ ತೀವ್ರ ಅಳಿವಿನ ಅಂಚಿನಲ್ಲಿದೆ. ಇಂಗ್ಲೆಂಡಿನಲ್ಲಿ 2008ರಿಂದ ಅದನ್ನು ಬಲೆ ಹಾಕಿ ಹಿಡಿಯುವಂತಿಲ್ಲ. ಒಂಬತ್ತು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹಾರಿ ಹೋಗಿ ಯಾವ ಮೀನಿಗಾಗಿ ಮರುಗಿ ಬಂದೆನೋ ಅದರ ಬಂಧು ನನ್ನ ಮನೆಯ ಮುಂದೆ ಹರಿಯುವ ಹೊಳೆಯ ತುದಿಯಲ್ಲೇ ಇತ್ತು. ಆ ರಾತ್ರಿ ಪಾಳಿಯಲ್ಲಿ ನನಗೆ ಬೇರೇನೂ ತಲೆಗೆ ಹೋಗಲಿಲ್ಲ.

ಸ್ಪರ್‌ಡಾಗ್‌ನ ಕಥೆ ಇನ್ನೂ ಹತ್ತಿರದ್ದು. ಆಗ್ನೇಯ ಲಂಡನ್ನಿನ ಚಿಪ್ಸ್ ಅಂಗಡಿಗಳ ಫಲಕದಲ್ಲಿ 'ರಾಕ್' ಅಥವಾ 'ರಾಕ್ ಸಾಲ್ಮನ್' ಎಂದು ಬರೆದಿರುತ್ತದೆ. ಮುಳ್ಳು ಕಡಿಮೆ, ಮಗಳಿಗೆ ಒಳ್ಳೆಯದೆಂದು ಎಷ್ಟೋ ಶುಕ್ರವಾರ ಅದನ್ನೇ ತಂದಿದ್ದೇನೆ. ಅದು ಸಾಲ್ಮನ್ ಅಲ್ಲ, ಹಲವು ಸಲ ಸ್ಪರ್‌ಡಾಗ್ ಎಂಬ ಶಾರ್ಕ್. ಎಕ್ಸಿಟರ್ ವಿಶ್ವವಿದ್ಯಾಲಯದವರು ಇಂಥ ಅಂಗಡಿಗಳ ಮಾದರಿಗಳ ಡಿಎನ್‌ಎ ಪರೀಕ್ಷಿಸಿದಾಗ ಹೆಚ್ಚಿನವು ಅದೇ ಆಗಿದ್ದವೆಂದು 2019ರಲ್ಲಿ ಪ್ರಕಟಿಸಿದರು. ಅದರ ಬಸಿರು ಸುಮಾರು ಎರಡು ವರ್ಷ. ಆನೆಯ ಬಸಿರಿನಷ್ಟು ದೀರ್ಘ. ಹೊಟ್ಟೆಯಲ್ಲಿ ಮರಿಯಿರುವ ಮೀನನ್ನು ಹಿಡಿದರೆ ಎರಡು ವರ್ಷದ ಕಾಯುವಿಕೆಯೂ ಅದರೊಂದಿಗೆ ಹೋಗುತ್ತದೆ. 2023ರಲ್ಲಿ ಬ್ರಿಟನ್ ಅದರ ಮೀನುಗಾರಿಕೆಯನ್ನು ಮತ್ತೆ ತೆರೆದಾಗ ಒಂದು ಮೀಟರ್‌ಗಿಂತ ಉದ್ದದ ಮೀನನ್ನು ತರಕೂಡದೆಂಬ ನಿಯಮ ಇಟ್ಟದ್ದು ಬಸಿರಾಗುವ ದೊಡ್ಡ ಹೆಣ್ಣುಗಳನ್ನು ಕಾಪಾಡಲೆಂದೇ. ಬಾಣಂತಿಗೆಂದು ಅಮ್ಮ ಬೇಯಿಸಿದ ತಾಟೆ ಮರಿ ನೆನಪಾಯಿತು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದ ಕೊಟ್ಟದ್ದು ಅದು. ಈಗ ಫೋನಿನಲ್ಲಿ ಹೇಳಿದ್ದೇನೆ, ಇನ್ನು ಮುಂದೆ ತಂಗಿಯ ಬಾಣಂತನಕ್ಕೆ ಬೇರೆ ಮೀನು ಸಾಕೆಂದು. ನಿಮ್ಮಜ್ಜಿಯ ಕಾಲದಿಂದ ಬಂದದ್ದು ಎಂದು ಅಮ್ಮ ಸ್ವಲ್ಪ ಹೊತ್ತು ವಾದಿಸಿದಳು, ಆಮೇಲೆ ಕಾಣೆ ಮೀನು ಆದೀತು ಎಂದಳು.

ಮಗಳಿಗೆ ತಾಟೆ ತೋರಿಸಲು ಎಲಿಜಬೆತ್ ಲೈನ್ ರೈಲಿನಲ್ಲಿ ಒಂದೇ ಒಂದು ನಿಲ್ದಾಣ ಮುಂದೆ ಹೋದರಾಯಿತು ಎಂದು ತಿಳಿದದ್ದೂ ಆಗಲೇ. ಆ್ಯಬಿ ವುಡ್. 1178ರಲ್ಲಿ ಕಟ್ಟಿದ ಲೆಸ್ನೆಸ್ ಮಠದ ಅವಶೇಷಗಳ ಹಿಂದೆ ಕಾಡಿದೆ. ಆ ಕಾಡಿನ ಮರಳು ಐದೂವರೆ ಕೋಟಿ ವರ್ಷಗಳಷ್ಟು ಹಿಂದೆ ಬೆಚ್ಚಗಿನ ಸಮುದ್ರದ ಅಂಚಾಗಿತ್ತು. ಆ ಕಾಲದ ತಾಟೆಯ ಹಲ್ಲು ಸಿಕ್ಕೀತೆಂದು ಅಡುಗೆಮನೆಯ ಹಿಟ್ಟಿನ ಜರಡಿ ಹಿಡಿದು ಕೂತೆವು. ಒಂದು ಗಂಟೆ ಜರಡಿಯಾಡಿಸಿದ ಮೇಲೆ ಚಿಪ್ಪಿನ ಚೂರುಗಳ ನಡುವೆ ಕಪ್ಪಗೆ ಏನೋ ಹೊಳೆಯಿತು. ಉಗುರಿನಷ್ಟು ಉದ್ದ, ನಡುವಿನ ಚೂಪು ಸ್ವಲ್ಪ ಬಾಗಿದ್ದು, ಬುಡ ಕವಲೊಡೆದದ್ದು. ಸ್ಯಾಂಡ್ ಟೈಗರ್ ಶಾರ್ಕಿನ ಕುಲದ ಹಲ್ಲು. ಮಗಳು ಅಂಗೈಯಲ್ಲಿಟ್ಟುಕೊಂಡು ರೈಲಿನಲ್ಲಿ ಮನೆ ತಲುಪುವವರೆಗೆ ಮುಷ್ಟಿ ಬಿಚ್ಚಲಿಲ್ಲ.

ಈಗ ಬಿಡುವಿದ್ದ ಶನಿವಾರ ಥೇಮ್ಸ್21 ಸಂಸ್ಥೆಯ ಸ್ವಯಂಸೇವಕರೊಂದಿಗೆ ನೀರಿಳಿದ ಹೊತ್ತಿನಲ್ಲಿ ಹೊಳೆಯ ದಡಕ್ಕೆ ಇಳಿಯುತ್ತೇನೆ. ಮೊಣಕಾಲಿನವರೆಗೆ ಬೂಟು, ಕೈಗೆ ದಪ್ಪ ಗವಸು. ಸಿಗುವುದು ಶೌಚಾಲಯಕ್ಕೆ ಎಸೆದ ಒದ್ದೆ ಒರೆಸುಬಟ್ಟೆಗಳು (ವೆಟ್ ವೈಪ್ಸ್). ಕೆಸರಿನೊಂದಿಗೆ ಹೆಣೆದುಕೊಂಡು ಚಾಪೆಯಂತಾಗಿರುತ್ತವೆ, ಎಳೆದರೆ ಮಾರುದ್ದ ಬರುತ್ತವೆ. ಒಂದು ಹೊತ್ತಿಗೆ ಚೀಲ ತುಂಬಿ ಎತ್ತಲಾಗದಷ್ಟು ಭಾರವಾಗುತ್ತದೆ. ಇದಕ್ಕೆ ಯಾರೂ ಹಣ ಕೇಳಲಿಲ್ಲ.

ಲಂಡನ್ನಿನಲ್ಲಿರುವ ಕನ್ನಡದ ಮನೆಗಳವರಲ್ಲಿ ನನ್ನದೊಂದು ಕೋರಿಕೆ. ಒದ್ದೆ ಒರೆಸುಬಟ್ಟೆಯನ್ನು ಕಸದ ಬುಟ್ಟಿಗೇ ಹಾಕಿ. ಶುಕ್ರವಾರ ಸಂಜೆ ಚಿಪ್ಸ್ ಅಂಗಡಿಯ ಫಲಕದಲ್ಲಿ 'ರಾಕ್' ಎಂದು ಕಂಡರೆ, ಅದು ಯಾವ ಮೀನು ಎಂದು ಒಂದು ಮಾತು ಕೇಳಿ.