ತುಂಡಾದ ಕಾಡು, ಸೊರಗುವ ಸಂತತಿ

ಒಂದು ವಿಸ್ತಾರವಾದ ಕಾಡಿನಲ್ಲಿ ನೂರು ಹುಲಿಗಳಿವೆಯೆಂದು ಭಾವಿಸೋಣ. ಕಾಲಕ್ರಮದಲ್ಲಿ ಆ ಕಾಡಿನ ನಡುವೆ ಹೆದ್ದಾರಿಗಳೂ ರೈಲುಹಾದಿಗಳೂ ಗಣಿಗಳೂ ಹೊಲಗದ್ದೆಗಳೂ ಹಬ್ಬಿ, ಅದು ಹತ್ತು ತುಂಡುಗಳಾಯಿತು. ಒಂದೊಂದು ತುಂಡಿನಲ್ಲಿಯೂ ಹತ್ತು ಹತ್ತು ಹುಲಿಗಳು ಉಳಿದುವು. ಒಂದು ತುಂಡಿನ ಹುಲಿ ಮತ್ತೊಂದಕ್ಕೆ ಹೋಗಲಾರದು. ಗಣತಿ ಮಾಡುವವರಿಗೆ ಮೊದಲೂ ನೂರು, ಈಗಲೂ ನೂರು. ಹಾಗಾದರೆ ನಷ್ಟವೇನೂ ಆಗಲಿಲ್ಲವೆ? ನಷ್ಟವಾಗಿದೆ, ಆದರೆ ಅದು ತಲೆಯೆಣಿಕೆಗೆ ಸಿಕ್ಕುವಂಥದಲ್ಲ. ಹುಲಿಗಳ ವಂಶವಾಹಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ನಡೆಯುವ ಸವೆತ ಅದು. ಅದನ್ನು ಅರಿಯಲು ಶಾಲೆಯಲ್ಲಿ ಕಲಿತ ಸಂಭವನೀಯತೆಯ ಗಣಿತವೇ ಬಹುಮಟ್ಟಿಗೆ ಸಾಕು.

ನಾಣ್ಯ ಚಿಮ್ಮುವ ಆಟ

ಪ್ರಾಣಿಯ ದೇಹದಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು. ಇವೆರಡೂ ಒಂದೇ ರೂಪದವಾಗಿರಬಹುದು, ಭಿನ್ನ ರೂಪದವೂ ಆಗಿರಬಹುದು. ಭಿನ್ನವಾಗಿದ್ದಾಗ ಒಂದರ ಪ್ರಭಾವವೇ ಹೊರಗೆ ತೋರಿ, ಮತ್ತೊಂದು ಮರೆಯಲ್ಲಿ ಉಳಿಯುವುದುಂಟು. ಮೊದಲನೆಯದನ್ನು ಪ್ರಬಲವೆಂದೂ ಎರಡನೆಯದನ್ನು ದುರ್ಬಲವೆಂದೂ ಕರೆಯುತ್ತೇವೆ. ಬಟಾಣಿ ಗಿಡಗಳ ಮೇಲೆ ನಡೆಸಿದ ಪ್ರಯೋಗಗಳನ್ನು 1866ರಲ್ಲಿ ಪ್ರಕಟಿಸಿದ ಮೆಂಡೆಲ್ ಈ ತತ್ತ್ವವನ್ನು ತೋರಿಸಿಕೊಟ್ಟನು.

ತಾಯಿಯ ಎರಡು ಪ್ರತಿಗಳಲ್ಲಿ ಯಾವುದು ಮರಿಗೆ ಬರುವುದೆಂಬುದು ನಾಣ್ಯವನ್ನು ಚಿಮ್ಮಿ ನಿರ್ಧರಿಸಿದಂತೆ. ತಾಯಿಯ ಮರಿಗಳಲ್ಲಿ ಎರಡೇ ಬದುಕಿ ಬೆಳೆದರೆ, ಒಂದು ನಿರ್ದಿಷ್ಟ ಪ್ರತಿ ಎರಡಕ್ಕೂ ದಾಟದೆ ಹೋಗುವ ಸಂಭವ ನಾಲ್ಕರಲ್ಲಿ ಒಂದು. ಆ ರೂಪವು ಕಾಡಿನ ಬೇರೆ ಯಾವ ಪ್ರಾಣಿಯಲ್ಲಿಯೂ ಇಲ್ಲದಿದ್ದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ದೊಡ್ಡ ಕಾಡಿನಲ್ಲಿ ಅದೇ ರೂಪ ಹತ್ತಾರು ಪ್ರಾಣಿಗಳಲ್ಲಿ ಹಂಚಿಕೊಂಡಿರುವುದರಿಂದ ಎಲ್ಲಿಯೋ ಒಂದೆಡೆ ಉಳಿದುಕೊಳ್ಳುತ್ತದೆ. ನಾಣ್ಯವನ್ನು ಸಾವಿರ ಬಾರಿ ಚಿಮ್ಮಿದರೆ ಐನೂರರ ಆಸುಪಾಸಿನಲ್ಲಿ ತಲೆ ಬೀಳುತ್ತದೆ. ನಾಲ್ಕೇ ಬಾರಿ ಚಿಮ್ಮಿದರೆ ನಾಲ್ಕೂ ತಲೆಯಾಗಿ ಬೀಳುವುದು ಅಪರೂಪವೇನಲ್ಲ. ಪ್ರಾಣಿಗಳು ಕಡಿಮೆಯಾದಷ್ಟೂ ಆಕಸ್ಮಿಕದ ಆಳ್ವಿಕೆ ಹೆಚ್ಚು.

ಸವೆತದ ನಿಯಮ

ಈ ಸವೆತಕ್ಕೆ ಒಂದು ಸರಳವಾದ ಲೆಕ್ಕವಿದೆ. ಸಂತಾನೋತ್ಪತ್ತಿಯಲ್ಲಿ ತೊಡಗಿರುವ ಪ್ರಾಣಿಗಳ ಸಂಖ್ಯೆಯನ್ನು ಇಮ್ಮಡಿ ಮಾಡಿ, ಒಂದನ್ನು ಅದರಿಂದ ಭಾಗಿಸಿದರೆ ಬರುವ ಭಿನ್ನರಾಶಿಯೇ ಒಂದು ತಲೆಮಾರಿನಲ್ಲಿ ನಷ್ಟವಾಗುವ ವೈವಿಧ್ಯದ ಪಾಲು. ಐನೂರು ಪ್ರಾಣಿಗಳಿದ್ದರೆ ನಷ್ಟ ಸಾವಿರದಲ್ಲಿ ಒಂದು ಪಾಲು. ಹತ್ತೇ ಇದ್ದರೆ ಇಪ್ಪತ್ತರಲ್ಲಿ ಒಂದು ಪಾಲು. ಉಳಿದುದರಲ್ಲಿ ಮತ್ತೆ ಅಷ್ಟೇ ಪಾಲು ಮುಂದಿನ ತಲೆಮಾರಿನಲ್ಲಿ ಹೋಗುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತವಾದ ನಿಯಮ. ರೇಡಿಯಂ ಧಾತು ಕ್ಷಯಿಸುವುದೂ ಹೀಗೆಯೇ. ಆದುದರಿಂದ ಇಲ್ಲಿಯೂ ಅರ್ಧಾಯುಷ್ಯವೊಂದನ್ನು ಲೆಕ್ಕ ಹಾಕಬಹುದು. ಐನೂರು ಪ್ರಾಣಿಗಳ ಗುಂಪಿನಲ್ಲಿ ವೈವಿಧ್ಯವು ಅರ್ಧಕ್ಕಿಳಿಯಲು ಸುಮಾರು 693 ತಲೆಮಾರುಗಳು ಬೇಕು. ಹತ್ತು ಪ್ರಾಣಿಗಳ ಗುಂಪಿನಲ್ಲಿ ಹದಿನಾಲ್ಕೇ ಸಾಕು. ವಂಶವಾಹಿಗಳಲ್ಲಿ ಹೊಸ ರೂಪಗಳು ತಾವಾಗಿಯೇ ಹುಟ್ಟುವುದುಂಟು. ಆದರೆ ಆ ಗತಿ ಬಲು ನಿಧಾನವಾದುದರಿಂದ ಈ ನಷ್ಟವನ್ನು ತುಂಬಿಕೊಡಲಾರದು.

ನಿಜವಾದ ಕಾಡಿನಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಹತ್ತು ಹುಲಿಗಳಲ್ಲಿ ಎರಡು ಗಂಡು, ಎಂಟು ಹೆಣ್ಣು ಎಂದಾದರೆ, ಮರಿಗಳ ತಂದೆಯ ಪಾಲೆಲ್ಲ ಎರಡೇ ಪ್ರಾಣಿಗಳಿಂದ ಬರುತ್ತದೆ. ಗಣಿತದ ದೃಷ್ಟಿಯಿಂದ ಆ ಹತ್ತು ಹುಲಿಗಳ ಬೆಲೆ ಸುಮಾರು ಆರು ಮಾತ್ರ.

ಮರೆಯಲ್ಲಿದ್ದ ದೋಷ

ವೈವಿಧ್ಯ ತಗ್ಗಿದರೆ ಆಗುವ ಕೇಡೇನು? ಬಹುತೇಕ ಪ್ರಾಣಿಗಳಲ್ಲಿ ಒಂದಲ್ಲ ಒಂದು ದೋಷಯುಕ್ತ ದುರ್ಬಲ ರೂಪ ಅಡಗಿರುತ್ತದೆ. ಜೋಡಿಯ ಇನ್ನೊಂದು ಪ್ರತಿ ಸರಿಯಾಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಅಂಥ ಒಂದು ಪ್ರತಿಯನ್ನು ಹೊತ್ತ ತಾಯಿಯ ಮರಿಯೊಂದು ಹೊರಗಿನ ಪ್ರಾಣಿಯೊಡನೆ ಕೂಡಿತೆನ್ನೋಣ. ಹೊರಗಿನವುಗಳಲ್ಲಿ ನೂರಕ್ಕೊಂದು ಮಾತ್ರ ಆ ದೋಷವನ್ನು ಹೊತ್ತಿದ್ದರೆ, ಹುಟ್ಟುವ ಮರಿಯಲ್ಲಿ ದೋಷ ಪ್ರಕಟವಾಗುವ ಸಂಭವ 800ರಲ್ಲಿ 1. ಅದೇ ತಾಯಿಯ ಮಕ್ಕಳಾದ ಅಣ್ಣತಂಗಿಯರೇ ಕೂಡಿದರೆ ಆ ಸಂಭವ 16ರಲ್ಲಿ 1. ಅಂದರೆ ಐವತ್ತು ಪಟ್ಟು ಹೆಚ್ಚು. ಸುತ್ತಲೂ ದಾರಿ ಮುಚ್ಚಿದ ಕಾಡಿನಲ್ಲಿ ನೆಂಟರಲ್ಲದ ಸಂಗಾತಿಯೇ ಸಿಕ್ಕದಂತಾಗುತ್ತದೆ. ಇದರೊಡನೆ, ಹೊಸ ರೋಗವೊಂದು ಬಂದೆರಗಿದಾಗ ಅದನ್ನು ತಾಳಿಕೊಳ್ಳುವ ಗುಣ ಯಾವೊಂದು ಪ್ರಾಣಿಯಲ್ಲಾದರೂ ಇರಬಹುದೆಂಬ ಭರವಸೆಯೂ ಕುಂದುತ್ತದೆ.

ಫ್ಲಾರಿಡಾದ ಪಾಠ

ಈ ಲೆಕ್ಕ ಕಾಗದದ ಮೇಲಿನದಷ್ಟೇ ಅಲ್ಲವೆಂಬುದಕ್ಕೆ ಅಮೆರಿಕದ ಫ್ಲಾರಿಡಾ ಪ್ಯಾಂಥರ್ ಸಾಕ್ಷಿ. ಪ್ಯೂಮಾ ಜಾತಿಗೆ ಸೇರಿದ ಈ ಪ್ರಾಣಿ ಒಂದು ಕಾಲದಲ್ಲಿ ಆ ದೇಶದ ಆಗ್ನೇಯ ಭಾಗದಲ್ಲೆಲ್ಲ ಸಂಚರಿಸುತ್ತಿತ್ತು. ಬೇಟೆಯಿಂದಲೂ ನೆಲೆಯ ನಾಶದಿಂದಲೂ 1990ರ ದಶಕದ ಆರಂಭಕ್ಕೆ ಫ್ಲಾರಿಡಾದ ದಕ್ಷಿಣ ತುದಿಯಲ್ಲಿ ಇಪ್ಪತ್ತು ಮೂವತ್ತು ಮಾತ್ರ ಉಳಿದಿದ್ದುವು. ಅವುಗಳಲ್ಲಿ ಹಲವಕ್ಕೆ ಬಾಲದ ತುದಿ ಸೊಟ್ಟಗಾಗಿತ್ತು, ಬೆನ್ನ ಮೇಲೆ ಸುಳಿಯಿತ್ತು. ಇವು ಮೇಲುನೋಟದ ಗುರುತುಗಳಷ್ಟೆ. ಕೆಲವಕ್ಕೆ ಹೃದಯದ ಗೋಡೆಯಲ್ಲಿ ರಂಧ್ರವಿತ್ತು. ಗಂಡುಗಳಲ್ಲಿ ಅನೇಕವಕ್ಕೆ ವೃಷಣಗಳು ಕೆಳಗಿಳಿದಿರಲಿಲ್ಲ. ವೀರ್ಯಾಣುಗಳಲ್ಲಿ ಹೆಚ್ಚಿನವು ವಿಕೃತವಾಗಿದ್ದುವು.

1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಅಲ್ಲಿ ಬಿಡಲಾಯಿತು. ಹಿಂದೆ ನಡುವಣ ಕಾಡು ಅಖಂಡವಾಗಿದ್ದಾಗ ಎರಡು ಕಡೆಯ ಪ್ರಾಣಿಗಳೂ ಪರಸ್ಪರ ಕೂಡುತ್ತಿದ್ದುದರಿಂದ ಇದು ಹಳೆಯ ನೆಂಟತನವನ್ನೇ ಮತ್ತೆ ಬೆಳೆಸಿದಂತಾಯಿತು. ಎಂಟರಲ್ಲಿ ಐದು ಮರಿಹಾಕಿದುವು. ಮಿಶ್ರಸಂತತಿಯಲ್ಲಿ ಸೊಟ್ಟ ಬಾಲವೂ ಹೃದಯದ ದೋಷವೂ ವಿರಳವಾದುವು. ಒಂದೂವರೆ ದಶಕದೊಳಗೆ ಪ್ಯಾಂಥರುಗಳ ಸಂಖ್ಯೆ ಮೂರು ಪಟ್ಟಾಯಿತು.

ಸಿಮಿಲಿಪಾಲದ ಕಪ್ಪು ಹುಲಿ

ನಮ್ಮ ದೇಶದಲ್ಲಿಯೂ ಇಂಥ ಒಂದು ನಿದರ್ಶನವಿದೆ. ಒಡಿಶಾದ ಮಯೂರಭಂಜ್ ಜಿಲ್ಲೆಯ ಸಿಮಿಲಿಪಾಲದಲ್ಲಿ ಪಟ್ಟೆಗಳು ಅಗಲವಾಗಿ, ಒಂದರೊಡನೊಂದು ಬೆರೆತು, ಮೈಯೆಲ್ಲ ಕಪ್ಪಾಗಿ ಕಾಣುವ ಹುಲಿಗಳಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಅವರ ಸಂಗಡಿಗರು 2021ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಒಂದು ವಂಶವಾಹಿಯ ಒಂದೇ ಒಂದು ಅಕ್ಷರದಲ್ಲಿ ಆಗಿರುವ ಬದಲಾವಣೆಯೇ ಅದು. ದುರ್ಬಲ ಗುಣವಾದುದರಿಂದ ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಮೈ ಕಪ್ಪಾಗುತ್ತದೆ. ದೇಶದ ಇತರ ಕಾಡುಗಳಲ್ಲಿ ಕಾಣಸಿಗದ ಈ ಬಣ್ಣ ಸಿಮಿಲಿಪಾಲದಲ್ಲಿ ಮೂರರಲ್ಲಿ ಒಂದು ಹುಲಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದಿತು. ಬಣ್ಣವೇನೂ ರೋಗವಲ್ಲ. ಆದರೆ ಇತರ ಹುಲಿಗಳಿಂದ ನೂರಾರು ಕಿಲೋಮೀಟರ್ ದೂರದಲ್ಲಿ ಒಂಟಿಯಾದ ಕಿರಿಯ ಗುಂಪೊಂದರಲ್ಲಿ ಅಪರೂಪದ ರೂಪವು ಹೀಗೆ ಮೇಲೆ ಬರಬಹುದಾದರೆ, ಕಣ್ಣಿಗೆ ಕಾಣದ ದೋಷವೂ ಹಾಗೆಯೇ ಮೇಲೆ ಬರಬಹುದು.

2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣು ಹುಲಿಗಳನ್ನು ಅಲ್ಲಿಗೆ ತರಲಾಯಿತು. ಜೀನತ್ ಕಾಡನ್ನು ಬಿಟ್ಟು ಜಾರ್ಖಂಡವನ್ನು ಹಾದು ಪಶ್ಚಿಮ ಬಂಗಾಳದವರೆಗೂ ನಡೆದುಹೋಯಿತು. ಅದನ್ನು ಹಿಡಿದು ಹಿಂದಕ್ಕೆ ತರಬೇಕಾಯಿತು. ಹುಲಿಗೆ ನಡೆಯುವ ಶಕ್ತಿ ಕಡಿಮೆಯಾಗಿಲ್ಲವೆಂಬುದೂ, ನಡೆಯಲು ಸುರಕ್ಷಿತವಾದ ದಾರಿಯೇ ಇಲ್ಲವಾಗಿದೆಯೆಂಬುದೂ ಇದರಿಂದ ತಿಳಿದುಬರುತ್ತದೆ.

ದಾರಿಯ ಬೆಲೆ

ತಲೆಮಾರಿಗೆ ಒಂದು ಹೊಸ ಪ್ರಾಣಿ ಹೊರಗಿನಿಂದ ಬಂದು ಮರಿಹಾಕಿದರೂ ಸವೆತವನ್ನು ಬಹುಮಟ್ಟಿಗೆ ತಡೆಯಬಹುದೆಂದು ತಜ್ಞರು ಎಣಿಸುತ್ತಾರೆ. ಪ್ರಾಣಿಯನ್ನು ಹೊತ್ತು ತರುವುದು ಕಡೆಯ ಉಪಾಯ. ಅದು ತಾನಾಗಿಯೇ ಬರುವಂತೆ ಕಾಡಿನಿಂದ ಕಾಡಿಗೆ ದಾರಿಯನ್ನು ಉಳಿಸುವುದು ಮೊದಲನೆಯ ಉಪಾಯ. ನಾಗರಹೊಳೆ, ಬಂಡೀಪುರ, ಮುದುಮಲೆ, ವಯನಾಡುಗಳು ಒಂದಕ್ಕೊಂದು ಅಂಟಿಕೊಂಡಿರುವುದು ನಮ್ಮ ಪುಣ್ಯ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿಯ ಸಂಚಾರಕ್ಕೆ ನಿರ್ಬಂಧವಿದೆ. ಮಧ್ಯಪ್ರದೇಶ ಮತ್ತು ಮಹಾರಾಷ್ಟ್ರದ ಗಡಿಯ ಪೆಂಚ್ ಕಾಡಿನಲ್ಲಿ ಹೆದ್ದಾರಿಯನ್ನೇ ಕಂಬಗಳ ಮೇಲೆತ್ತಿದೆ. ಅದರಡಿಯಲ್ಲಿ ಹುಲಿಗಳು ದಾಟಿಹೋಗುತ್ತಿವೆ.

ರಾತ್ರಿ ರಸ್ತೆಯನ್ನು ದಾಟಿ ಆಚೆಯ ಕಾಡನ್ನು ಸೇರುವ ಒಂದು ಹುಲಿ ಅಲ್ಲಿನ ಗಣತಿಗೆ ಒಂದನ್ನೇ ಕೂಡಿಸುತ್ತದೆ. ಆದರೆ ಅದರ ಮರಿಗಳ ಮೂಲಕ ಆ ಕಾಡಿನ ಮುಂದಿನ ಹತ್ತಾರು ತಲೆಮಾರುಗಳ ಲೆಕ್ಕವೇ ಬದಲಾಗುತ್ತದೆ. ಇನ್ನು ಮುಂದೆ ಒಂದು ಕಾಡಿನ ಹುಲಿಗಣತಿಯ ಅಂಕಿಯನ್ನು ಓದಿದಾಗ, ಎಷ್ಟು ಹುಲಿಗಳಿವೆಯೆಂದು ಕೇಳಿ ಸುಮ್ಮನಾಗದೆ, ಅವುಗಳಿಗೆ ಹೋಗಿಬರಲು ದಾರಿಯಿದೆಯೆ ಎಂಬುದನ್ನೂ ಓದುಗರು ಕೇಳಬೇಕು.