ಹಾಲು ಮತ್ತು ಮಾಂಸದಲ್ಲಿ ಅಡಗಿರುವ ರೋಗಾಣುಗಳ ಪತ್ತೆ

ಹಾಲು ಕೆಟ್ಟಿದೆಯೇ ಎಂಬುದನ್ನು ಗೃಹಿಣಿಯರು ಮೂಸಿ ನೋಡಿ ತಿಳಿಯುತ್ತಾರೆ. ಮಾಂಸ ಹಳಸಿರುವುದನ್ನು ಬಣ್ಣದಿಂದಲೂ ಅಂಟಿನಿಂದಲೂ ಗುರುತಿಸುತ್ತಾರೆ. ಆದರೆ ಆಹಾರವನ್ನು ಕೆಡಿಸುವ ಬ್ಯಾಕ್ಟೀರಿಯಾಗಳು ಬೇರೆ, ಮನುಷ್ಯನನ್ನು ಕೆಡಿಸುವವು ಬೇರೆ. ಮೊದಲಿನವು ತಮ್ಮ ಇರವನ್ನು ವಾಸನೆಯಿಂದ ಸಾರುತ್ತವೆ. ಎರಡನೆಯವು ಬಹುಮಟ್ಟಿಗೆ ಮೌನವಾಗಿಯೇ ಇರುತ್ತವೆ.

ಇದಕ್ಕೆ ಮಾಲ್ಟಾ ದ್ವೀಪದ ನಿದರ್ಶನವು ಪ್ರಸಿದ್ಧವಾಗಿದೆ. ಅಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಬಿಟ್ಟು ಬಿಟ್ಟು ಬರುವ ದೀರ್ಘ ಜ್ವರವೊಂದು ಕಾಡುತ್ತಿತ್ತು. 1887ರಲ್ಲಿ ಸೇನಾವೈದ್ಯ ಡೇವಿಡ್ ಬ್ರೂಸ್ ಅದರ ರೋಗಾಣುವನ್ನು ಕಂಡುಹಿಡಿದರು. ಅದು ಎಲ್ಲಿಂದ ಬರುತ್ತದೆಂಬುದು 1905ರವರೆಗೂ ತಿಳಿಯಲಿಲ್ಲ. ಆ ವರ್ಷ ಥೆಮಿಸ್ಟೊಕ್ಲಿಸ್ ಜಮ್ಮಿಟ್ ಎಂಬ ವೈದ್ಯರು, ನೋಡಲು ಪೂರ್ಣ ಆರೋಗ್ಯದಿಂದಿದ್ದ ಮೇಕೆಗಳಲ್ಲಿಯೇ ಸೋಂಕು ಅಡಗಿದೆಯೆಂದು ತೋರಿಸಿಕೊಟ್ಟರು. 1906ರಲ್ಲಿ ಸೈನಿಕರಿಗೆ ಮೇಕೆಯ ಹಾಲನ್ನು ನಿಲ್ಲಿಸಿದೊಡನೆ ಜ್ವರವು ಗಮನಾರ್ಹವಾಗಿ ಇಳಿಯಿತು. ಬ್ರುಸೆಲ್ಲೋಸಿಸ್ ಎಂಬ ಆ ರೋಗವು ನಮ್ಮ ದೇಶದ ದನಗಳಲ್ಲಿಯೂ ಉಂಟು. ಆದುದರಿಂದ "ನಮ್ಮ ಹಸು ಗಟ್ಟಿಮುಟ್ಟಾಗಿದೆ, ನೊರೆಹಾಲು ಕುಡಿದರೆ ಮಗುವಿಗೆ ಪುಷ್ಟಿ" ಎಂಬ ಮಾತನ್ನು ನಂಬಲಾಗದು.

ಬಣ್ಣ ಹೇಳುವ ಸತ್ಯ

ಹಾಲಿನ ಡೈರಿಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು ಮೆಥಿಲೀನ್ ಬ್ಲೂ ಪರೀಕ್ಷೆ. 10 ಮಿಲಿಲೀಟರ್ ಹಾಲಿಗೆ 1 ಮಿಲಿಲೀಟರ್ ನೀಲಿ ದ್ರಾವಣವನ್ನು ಬೆರೆಸಿ, 37 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿಡುತ್ತಾರೆ. ಬ್ಯಾಕ್ಟೀರಿಯಾಗಳು ಹಾಲಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಂಡಂತೆ ನೀಲಿ ಬಣ್ಣವು ಮಾಯವಾಗುತ್ತದೆ. 5 ಗಂಟೆ ಅಥವಾ ಅದಕ್ಕೂ ಮೀರಿ ಬಣ್ಣ ಉಳಿದರೆ ಹಾಲು ಅತ್ಯುತ್ತಮ. ಅರ್ಧ ಗಂಟೆಯೊಳಗೆ ಬಿಳುಪಾದರೆ ತೀರಾ ಕಳಪೆ.

ಈ 37 ಡಿಗ್ರಿ ಎಂಬುದು ಚೆನ್ನೈ ನಗರದ ಅಗ್ನಿನಕ್ಷತ್ರದ ಮಧ್ಯಾಹ್ನಗಳ ಉಷ್ಣತೆಯೇ ಆಗಿದೆಯೆಂಬುದನ್ನು ವಾಚಕರು ಗಮನಿಸಬೇಕು. ಚಕ್ರಬಡ್ಡಿಯ ಲೆಕ್ಕ ಬಲ್ಲವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಅನುಕೂಲವಾದ ಶಾಖದಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅಸಲು ಒಂದೇ ಆದರೂ 7 ಗಂಟೆಗಳಲ್ಲಿ ಮೊತ್ತವು 20,97,152 ಆಗುತ್ತದೆ!

ಆದರೆ ಈ ಪರೀಕ್ಷೆಯು ಬ್ಯಾಕ್ಟೀರಿಯಾಗಳು ಎಷ್ಟಿವೆ ಎಂಬುದನ್ನು ಅಂದಾಜು ಮಾಡುತ್ತದೆಯೇ ಹೊರತು ಯಾವುವು ಎಂಬುದನ್ನಲ್ಲ. ಬ್ರುಸೆಲ್ಲೋಸಿಸ್ ಪತ್ತೆಗೆ ಉಂಗುರ ಪರೀಕ್ಷೆಯಿದೆ. ಬಣ್ಣ ಕಟ್ಟಿದ ಮೃತ ರೋಗಾಣುಗಳನ್ನು ಹಾಲಿಗೆ ಸೇರಿಸಿದಾಗ, ಹಸುವಿಗೆ ಸೋಂಕು ತಗಲಿದ್ದರೆ ಮೇಲೆ ನಿಂತ ಕೆನೆಯಲ್ಲಿ ಬಣ್ಣದ ಉಂಗುರವು ಮೂಡುತ್ತದೆ.

ಪಾಶ್ಚರೀಕರಣವೆಂದರೆ ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣಿಸುವುದು. ಅದು ಸರಿಯಾಗಿ ನಡೆಯಿತೇ ಎಂಬುದಕ್ಕೆ ಫಾಸ್ಫಟೇಸ್ ಪರೀಕ್ಷೆಯೇ ಸಾಕ್ಷಿ. ಹಸಿ ಹಾಲಿನ ಈ ಕಿಣ್ವವು ಕ್ಷಯದ ರೋಗಾಣುವಿಗಿಂತ ತುಸು ಹೆಚ್ಚು ಶಾಖವನ್ನು ತಾಳುತ್ತದೆ. ಕಿಣ್ವವೇ ನಾಶವಾಗಿದ್ದರೆ ರೋಗಾಣುವೂ ಸತ್ತಿದೆಯೆಂದು ತಿಳಿಯಬಹುದು.

ಮಾಂಸದ ಪರೀಕ್ಷೆ

2018ರ ನವೆಂಬರಿನಲ್ಲಿ ಜೋಧಪುರದಿಂದ ರೈಲಿನಲ್ಲಿ ಬಂದ ಸುಮಾರು ಎರಡು ಟನ್ನು ಮಾಂಸವನ್ನು ಎಗ್ಮೋರ್ ನಿಲ್ದಾಣದಲ್ಲಿ ವಶಪಡಿಸಿಕೊಂಡರು. ಅದು ನಾಯಿಯದೆಂಬ ಸುದ್ದಿಯಿಂದ ನಗರವೇ ತಲ್ಲಣಿಸಿತು. ಮದರಾಸು ಪಶುವೈದ್ಯ ಕಾಲೇಜಿನ ಪರೀಕ್ಷೆಯಲ್ಲಿ ಅದು ಮೇಕೆಯದೆಂದು ತಿಳಿದುಬಂದಿತು. ಮಾಂಸ ಯಾವ ಪ್ರಾಣಿಯದೆಂದು ಎಲ್ಲರೂ ಕೇಳಿದರು. ಆದರೆ ಆರೋಗ್ಯದ ದೃಷ್ಟಿಯಿಂದ, ಅದು ಎಷ್ಟು ಹೊತ್ತು ತಂಪಿಲ್ಲದೆ ಇತ್ತೆಂಬ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

ಸಾಲ್ಮೊನೆಲ್ಲಾ ಪತ್ತೆಗೆ ಸಾಮಾನ್ಯವಾಗಿ 25 ಗ್ರಾಂ ಮಾಂಸವನ್ನು ಪೋಷಕದ್ರವದಲ್ಲಿಟ್ಟು ರೋಗಾಣುಗಳನ್ನು ಬೆಳೆಸಿ, ಬಳಿಕ ಗಾಜಿನ ತಟ್ಟೆಗಳಲ್ಲಿ ಗುರುತಿಸುತ್ತಾರೆ. ಇದಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ. ಕೋವಿಡ್ ಕಾಲದಿಂದ ಎಲ್ಲರಿಗೂ ಪರಿಚಿತವಾದ ಪಿ.ಸಿ.ಆರ್. ವಿಧಾನದಲ್ಲಿಯೂ ಮೊದಲು ಬೆಳೆಸಲೇಬೇಕಾದುದರಿಂದ ಫಲಿತಾಂಶಕ್ಕೆ ಸುಮಾರು ಒಂದು ದಿನ ಬೇಕು. ಅಷ್ಟರಲ್ಲಿ ಮಾಂಸವು ಊಟದ ತಟ್ಟೆಯನ್ನು ಸೇರಿರುತ್ತದೆ. ಪ್ರಯೋಗಾಲಯವು ಸರಬರಾಜಿನ ಮೂಲವನ್ನು ಕಾಯಬಲ್ಲುದು. ತಟ್ಟೆಯನ್ನು ಕಾಯುವ ಹೊಣೆ ಅಡಿಗೆಮನೆಯದು.

ನಾವು ಮಾಡಬೇಕಾದುದು

ಬಿಡಿ ಹಾಲನ್ನು ತಂದೊಡನೆ ಚೆನ್ನಾಗಿ ಉಕ್ಕಿಸಬೇಕು. ತಣಿದ ಮೇಲೆ ಶೀತಪೆಟ್ಟಿಗೆಯಲ್ಲಿಡಬೇಕು. ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರಿಗೆ ಹಸಿ ಹಾಲನ್ನು ಕೊಡಲೇಕೂಡದು. ಲಿಸ್ಟೀರಿಯಾ ಎಂಬ ರೋಗಾಣುವು ಶೀತಪೆಟ್ಟಿಗೆಯಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ. ಅದರ ಸೋಂಕಿನಿಂದ ಗರ್ಭಪಾತವೂ ಆಗಬಹುದು. ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆದರೆ ರೋಗಾಣುಗಳು ಸುತ್ತಲೂ ಸಿಡಿಯುತ್ತವೆ. ಅವುಗಳನ್ನು ಕೊಲ್ಲುವುದು ಒಳಗಿನವರೆಗೂ ತಟ್ಟುವ ಬೇಯಿಸುವಿಕೆ ಮಾತ್ರ. ಮಾಂಸ ಕತ್ತರಿಸಿದ ಚಾಕು, ಮಣೆಗಳನ್ನು ಸೋಪಿನಿಂದ ತೊಳೆಯದೆ ತರಕಾರಿಗೆ ಬಳಸಬಾರದು.

ಕೊನೆಯದಾಗಿ, ವಾರಗಟ್ಟಲೆ ಜ್ವರ, ಬೆವರು, ಕೀಲುನೋವುಗಳಿದ್ದರೆ, ಹಸಿ ಹಾಲು ಕುಡಿದುದನ್ನೂ ದನಕರುಗಳ ಒಡನಾಟವನ್ನೂ ವೈದ್ಯರಿಗೆ ಮರೆಯದೆ ತಿಳಿಸಬೇಕು. ಆ ಒಂದು ಮಾತಿನಿಂದ ತಕ್ಕ ರಕ್ತಪರೀಕ್ಷೆಯು ಸಕಾಲದಲ್ಲಿ ನಡೆದು, ರೋಗಿಯು ತಿಂಗಳುಗಟ್ಟಲೆ ನರಳುವುದು ತಪ್ಪಬಹುದು.